ನಾಲ್ಕನೇ ನಂಬರಿನ ಬಿಲ್ಲೆ

ಗಂಡ ಹೆಂಡತಿ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಒಂದೇ ಮನೆ, ಒಂದೇ ಕೆಲಸದ ಜಾಗ. ಆದರೂ ಇಬ್ಬರ ನಡುವೆ ಸುದ್ದಿ ಹೋಗಿಬರುತ್ತಿದ್ದುದು ಒಂದು ಮರದ ಬಿಲ್ಲೆಯ ಮೂಲಕ ಮಾತ್ರ.

ಕಡಲಿಗೂ ಊರಿಗೂ ನಡುವೆ, ಮರಳದಿಬ್ಬದ ಹಿಂದೆ ಹರಡಿಕೊಂಡ ಉಪ್ಪುನೀರಿನ ಹಿನ್ನೀರು ಅದು. ಹಕ್ಕಿಗಳಿಗಾಗಿ ಸರ್ಕಾರ ಕಾಯ್ದಿಟ್ಟ ಜಾಗ. ಅವನು ಅಲ್ಲಿನ ದೋಣಿಕಟ್ಟೆ ನೋಡಿಕೊಳ್ಳುತ್ತಿದ್ದ. ಅವಳು ಪ್ರವಾಸಿಗಳನ್ನು ಕಯಾಕ್‌ಗಳಲ್ಲಿ ಕೂರಿಸಿಕೊಂಡು ಹೋಗಿ ಹಕ್ಕಿ ತೋರಿಸುತ್ತಿದ್ದಳು. ಕಟ್ಟೆಯ ಶೆಡ್ಡಿನ ಹೊರಗೋಡೆಯಲ್ಲಿ ಒಂದು ಹಲಗೆ, ಹಲಗೆಯಲ್ಲಿ ಹದಿನಾರು ಮೊಳೆ, ಒಂದೊಂದು ಮೊಳೆಗೆ ಒಂದೊಂದು ಕಯಾಕಿನ ಬಿಲ್ಲೆ. ನೀರಿಗಿಳಿಯುವಾಗ ಕೆಂಪು ಮಗ್ಗುಲು ಮೇಲೆ, ಬಂದಮೇಲೆ ಬಿಳಿ ಮಗ್ಗುಲು ಮೇಲೆ. ಕೆಂಪು ಉಳಿದಿದ್ದರೆ ಅವನು ಬೀಗ ಹಾಕುವಂತಿಲ್ಲ. ಈ ನಿಯಮ ಮಾಡಿದವನೂ ಅವನೇ.

ಜಗಳ ಹುಟ್ಟಿದ್ದೂ ಅಲ್ಲೇ. ಒಂದು ದಿನ ಅವಳು ಹತ್ತು ನಿಮಿಷ ತಡವಾಗಿ ಬಂದಾಗ, ಪ್ರವಾಸಿಗಳೆದುರಿಗೇ, "ಗಡಿಯಾರಾನ ಹಕ್ಕಿಗಳಿಗೆ ಕೊಟ್ಟು ಬಂದ್ಯಾ?" ಎಂದಿದ್ದ. ಎಲ್ಲರೂ ನಕ್ಕಿದ್ದರು. ಮನೆಗೆ ಬಂದಮೇಲೆ ಅವಳು ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾನು ಬಂದ್ರೇನು, ಬರದಿದ್ರೇನು? ನಿಮಗೆ ಬೇಕಿರೋದು ಬಿಲ್ಲೆ ಬಿಳಿ ಆಗೋದು, ಅಷ್ಟೇ."

ಆಮೇಲೆ ಮಾತಿಲ್ಲ. ಬೆಳಿಗ್ಗೆ ಅವಳ ಕಯಾಕಿನ ನಾಲ್ಕನೇ ನಂಬರು ಕೆಂಪಾಗುತ್ತಿತ್ತು, ಮಧ್ಯಾಹ್ನದ ಮೇಲೆ ಬಿಳಿಯಾಗುತ್ತಿತ್ತು. ಅವನು ಶೆಡ್ಡಿನಲ್ಲಿ ಇಲ್ಲದ ಹೊತ್ತು ನೋಡಿಕೊಂಡೇ ಅವಳು ಬಂದು ಬಿಲ್ಲೆ ತಿರುಗಿಸಿ ಮನೆಗೆ ಹೋಗಿಬಿಡುತ್ತಿದ್ದಳು.

ಹನ್ನೊಂದನೇ ದಿನ ಪ್ರವಾಸಿಗಳಿರಲಿಲ್ಲ. ಹಕ್ಕಿ ಎಣಿಸಲು ಅವಳೊಬ್ಬಳೇ ಹೋದಳು. ಊಟದಿಂದ ಬಂದಾಗ ಹಲಗೆಯೆಲ್ಲ ಬಿಳಿಯಾಗಿರುವುದನ್ನು ಅವನು ನೋಡಿದ. ಇವತ್ತೂ ಹಾಗೇ ಹೋದಳಲ್ಲ ಎಂದುಕೊಂಡ. ಕಯಾಕುಗಳನ್ನು ಎಣಿಸಿ ನೋಡದೆ, ಐದಕ್ಕೆ ಬೀಗ ಹಾಕಿ ಮನೆಗೆ ನಡೆದ.

ಮನೆಯ ಬಾಗಿಲಿಗೂ ಬೀಗವಿತ್ತು.

ಹೊಸ್ತಿಲ ಬಳಿ ಅವಳ ಚಪ್ಪಲಿಯಿಲ್ಲ. ಹಗ್ಗದ ಮೇಲೆ ಬೆಳಗಿನ ಬಟ್ಟೆ ಗರಿಗರಿಯಾಗಿ ಒಣಗಿ ಹಾಗೇ ಇತ್ತು. ಕೀಲಿಗಾಗಿ ಜೇಬಿಗೆ ಕೈ ಹಾಕಿದಾಗ ಬೆರಳಿನಿಂದ ಅಗಸೆ ಎಣ್ಣೆಯ ವಾಸನೆ ಬಂತು. ಅವನು ನಿಂತಲ್ಲೇ ಕಲ್ಲಾದ.

ಉಪ್ಪುಗಾಳಿಗೆ ಮರ ಸೀಳಬಾರದೆಂದು ತಿಂಗಳಿಗೊಮ್ಮೆ ಬಿಲ್ಲೆಗಳಿಗೆ ಎಣ್ಣೆ ಸವರುವುದು ಅವನ ಪದ್ಧತಿ. ಯಾವಾಗಲೂ ಸಂಜೆ, ಎಲ್ಲರೂ ಬಂದಮೇಲೆ. ಇವತ್ತು ಕೈಗೆ ಕೆಲಸವಿಲ್ಲದೆ, ಮನಸ್ಸಿಗೆ ನೆಮ್ಮದಿಯಿಲ್ಲದೆ, ಊಟಕ್ಕೆ ಮುಂಚೆಯೇ ಹದಿನಾರನ್ನೂ ಇಳಿಸಿ ಸವರಿದ್ದ. ಕೈಗೆ ರೂಢಿಯಾದಂತೆ ಹದಿನಾರನ್ನೂ ಬಿಳಿ ಮೇಲೆ ಮಾಡಿ ತೂಗುಹಾಕಿದ್ದ.

ಕಟ್ಟೆಗೆ ಓಡಿ ಬಂದಾಗ ಬಾಯಿ ಒಣಗಿ ಹಪ್ಪಳವಾಗಿತ್ತು. ಕಾವಲಿನ ಗಾರ್ಡು, ಎಲ್ಲರ ಬಾಯಲ್ಲಿ 'ದುರ್ಬೀನು', ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ.

"ಏನಣ್ಣ, ಅತ್ತಿಗೆ ತವರಿಗೆ ಹೊರಟ್ರಾ? ನಿಮ್ಮಿಬ್ರ ಮೌನ ಕೇಳಿ ಕೇಳಿ ನನಗೇ ಕಿವಿನೋವು ಬಂದಿತ್ತು."

"ಅವಳು ನೀರಿಂದ ಬಂದಿಲ್ಲ."

"ಬಿಲ್ಲೆ ಬಿಳಿ ಇದೆಯಲ್ಲ."

ಅವನ ಮುಖ ನೋಡಿ ಗಾರ್ಡಿನ ನಗು ಆರಿತು. ಕೊರಳಿನ ದುರ್ಬೀನು ಕಣ್ಣಿಗೇರಿಸಿ ನೀರಿನುದ್ದಕ್ಕೂ ಹಾಯಿಸಿದವನು, ಅಳಿವೆಯ ಕಡೆ ತಿರುಗಿ ನಿಂತುಬಿಟ್ಟ. ಹಿನ್ನೀರು ಕಡಲಿಗೆ ಸೇರುವ ಆ ಬಾಯಿಯತ್ತ ಇಳಿತದ ಸೆಳೆತದಲ್ಲಿ ಹಳದಿ ಬಣ್ಣದ ಏನೋ ತೇಲುತ್ತಿತ್ತು.

"ಕಯಾಕು. ಬೋರಲು ಬಿದ್ದಿದೆ," ಎಂದ ಮೆಲ್ಲಗೆ. "ಎಂಜಿನ್ ದೋಣಿ ಆಚೆ ದಡದಲ್ಲಿದೆ, ತರೋಕೆ ಮುಕ್ಕಾಲು ಗಂಟೆ. ನಾನು ಓಡ್ತೀನಿ."

ಅವನು ಕೈಗೆ ಸಿಕ್ಕ ಕಯಾಕನ್ನು ನೀರಿಗೆ ನೂಕಿದ. ಅಳಿವೆಯತ್ತ ಹುಟ್ಟು ಹಾಕತೊಡಗಿದ. ಹೆಸರು ಹಿಡಿದು ಕೂಗಿದ. ಹನ್ನೊಂದು ದಿನ ಬಾಯಿಗೆ ಬಾರದ ಹೆಸರು ಈಗ ನಿಲ್ಲದೆ ಬಂತು, ಗಾಳಿ ಅದನ್ನು ಎತ್ತಲೋ ಒಯ್ದಿತು. ಹೊತ್ತು ಮುಳುಗಲು ಅರ್ಧ ಗಂಟೆಯೂ ಇರಲಿಲ್ಲ.

ಬೆಳ್ಳಕ್ಕಿಗಳು ಗೂಡಿಗೆ ಮರಳುತ್ತಿದ್ದವು. ನೂರಾರು. ಹಿನ್ನೀರಿನ ಮೂರು ನಡುಗಡ್ಡೆಗಳಲ್ಲಿ ಉಪ್ಪುನೀರಿಗೆ ಬೇರಿಳಿಸಿ ಬೆಳೆದ ಕಾಂಡ್ಲಾ ಪೊದೆಗಳ ಮೇಲೆ ಅವು ದಿನವೂ ಇಳಿಯುವುದನ್ನು ಅವನು ನೋಡಿಯೂ ನೋಡದವನಂತೆ ಬೀಗ ಹಾಕುತ್ತಿದ್ದ. ಇವತ್ತು ಕಣ್ಣು ಅಲ್ಲಿ ಸಿಕ್ಕಿಕೊಂಡಿತು. ಮೊದಲ ಗಡ್ಡೆ ಬೆಳ್ಳಗಾಗಿತ್ತು. ಕೊನೆಯದೂ ಬೆಳ್ಳಗಾಗಿತ್ತು. ನಡುವಿನದು ಮಾತ್ರ ಹಸಿರಾಗಿಯೇ ಉಳಿದಿತ್ತು. ಅಲ್ಲಿ ಹಕ್ಕಿಗಳು ಕಾಲು ಚಾಚಿ ಇಳಿಯುತ್ತಿದ್ದವು, ಬೆದರಿ ಮೇಲೇಳುತ್ತಿದ್ದವು, ಸುತ್ತುತ್ತಿದ್ದವು.

ಅವಳು ಪ್ರವಾಸಿಗಳಿಗೆ ಸಾವಿರ ಸಲ ಹೇಳಿದ ಮಾತು, ಅವನು ಸಾವಿರ ಸಲ ಕೇಳಿ ಬೇಸತ್ತ ಮಾತು: "ಹಕ್ಕಿ ಎಲ್ಲಿ ಕೂತಿದೆ ಅಂತ ಎಲ್ರೂ ನೋಡ್ತಾರೆ. ಎಲ್ಲಿ ಕೂರೋದಿಲ್ಲ, ಅದನ್ನ ನೋಡಿ."

ನೀರುನಾಯಿ ಇರಬಹುದು. ಹಾವಿರಬಹುದು. ಎದುರಿಗೆ ಅವಳ ಕಯಾಕು ಅಳಿವೆಯ ನೊರೆಯತ್ತ ಜಾರುತ್ತಿತ್ತು. ಅತ್ತ ಹೋದರೆ ಇತ್ತ ಬರಲು ಬೆಳಕಿರುವುದಿಲ್ಲ. ಅವನು ಹಲ್ಲು ಕಚ್ಚಿ, ಅವಳ ಕಯಾಕಿಗೆ ಬೆನ್ನು ಹಾಕಿ ನಡುಗಡ್ಡೆಗೆ ತಿರುಗಿದ.

ಅವಳು ಕೆಸರಿನಲ್ಲಿ ತೊಡೆಯವರೆಗೆ ಹೂತುಹೋಗಿದ್ದಳು. ಎರಡು ಕೈಯಲ್ಲೂ ಒಂದು ಬೇರನ್ನು ತಬ್ಬಿದ್ದಳು. ಪಕ್ಕದಲ್ಲಿ ನೈಲಾನ್ ದಾರದ ಸಿಕ್ಕು. ಯಾವುದೋ ಹಕ್ಕಿಯ ಕಾಲಿನಿಂದ ಬಿಡಿಸಿದ್ದು. ಹಕ್ಕಿ ಹಾರಿಹೋಗಿತ್ತು, ಕಟ್ಟದೆ ಬಿಟ್ಟ ಕಯಾಕೂ ಹೋಗಿತ್ತು. ಇಳಿತ ಆಗತಾನೇ ಮುಗಿದು ನೀರು ಮತ್ತೆ ಏರತೊಡಗಿತ್ತು. ತುಂಬಿದ ಉಬ್ಬರದಲ್ಲಿ ಆ ಬೇರುಗಳು ಕಾಣುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಅವನು ಮಂಡಿಯೂರಿ ಬರಿಗೈಯಲ್ಲಿ ಕೆಸರು ಬಗೆಯತೊಡಗಿದ. ಬಗೆದಷ್ಟೂ ಅದು ಮತ್ತೆ ತುಂಬಿಕೊಳ್ಳುತ್ತಿತ್ತು.

"ಸಿಳ್ಳೆ ಊದಿ ಊದಿ ತುಟಿ ಒಡೀತು," ಎಂದಳು. ದನಿ ಅವಳದಲ್ಲವೆಂಬಂತಿತ್ತು. "ಬಿಲ್ಲೆ ಕೆಂಪಿದೆ, ಬಂದೇ ಬರ್ತಾರೆ ಅಂತ ಕಾದೆ. ಮೂರು ಗಂಟೆ ಆಯ್ತು, ನಾಲ್ಕಾಯ್ತು. ಆಮೇಲೆ, ನೋಡಿಯೂ ಸುಮ್ನೆ ಕೂತಿದ್ದಾರೆ ಅಂದ್ಕೊಂಡೆ."

ಅವನು ಬಗೆಯುತ್ತಲೇ ಇದ್ದ.

"ಇಲ್ಲಾ, ನಾನೇ ಬಿಲ್ಲೆ ತಿರುಗಿಸೋದು ಮರೆತು ಬಂದಿದ್ನಾ?"

ಹೂಂ ಎಂದರೆ ಸಾಕಿತ್ತು. ಅವಳು ನಂಬುತ್ತಿದ್ದಳು, ದುರ್ಬೀನು ನಂಬುತ್ತಿದ್ದ, ನಾಳೆ ಹಲಗೆಯೂ ಅದನ್ನೇ ಹೇಳುತ್ತಿತ್ತು.

"ಇಲ್ಲ. ನೀನು ಕೆಂಪು ಮಾಡಿಯೇ ಹೋಗಿದ್ದೆ. ಎಣ್ಣೆ ಹಚ್ಚೋವಾಗ ಬಿಳಿ ಮಾಡಿದ್ದು ನಾನು. ಮಾಡಿದ್ದು ಗೊತ್ತೂ ಆಗಲಿಲ್ಲ. ಐದು ಗಂಟೆಗೆ ಬೀಗ ಹಾಕಿ ಮನೆಗೂ ಹೋಗಿದ್ದೆ."

ನೀರು ಬಂದು ಅವನ ಮೊಣಕೈ ಮುಟ್ಟಿತು. ಒಂದು ಕಾಲು ಸಡಿಲಾಗಿ, ಕೆಸರು ಉಸಿರುಬಿಟ್ಟಂತೆ ಸದ್ದು ಮಾಡಿ ಮೇಲೆ ಬಂತು. ಇನ್ನೊಂದು ಬರಲಿಲ್ಲ.

ದೂರದಲ್ಲಿ, ಹಕ್ಕಿಗಳ ಸಲುವಾಗಿ ಇಲ್ಲಿ ಯಾರೂ ತರಬಾರದ ಎಂಜಿನ್ನಿನ ಸದ್ದು ಕೇಳಿಸಿತು. ಎರಡು ಗಡ್ಡೆಗಳ ಬೆಳ್ಳಕ್ಕಿಗಳೂ ಒಮ್ಮೆಲೇ ಎದ್ದು ಆಕಾಶ ತುಂಬಿದವು.

ಅವಳು ಬೇರಿನಿಂದ ಒಂದು ಕೈ ಬಿಡಿಸಿ ಅವನ ಹೆಗಲು ಹಿಡಿದಳು. ನೋವಾಗುವಷ್ಟು ಗಟ್ಟಿಯಾಗಿ.

"ಎಡಗಡೆಯಿಂದ ಬಗೀರಿ," ಎಂದಳು. "ಅಲ್ಲಿ ಕೆಸರು ಮೆತ್ತಗಿದೆ."