ವ್ಯಾನು ಹತ್ತದ ಹೆಂಗಸರು

ಹೊಲಿಗೆಯಂತ್ರದ ಮುಂದೆ ಕೂತಳೆಂದರೆ ದರ್ಜಿಯಮ್ಮ ಭೂಮಿ ನಡುಗಿದರೂ ಏಳುವವಳಲ್ಲ. ಅವಳ ಅಂಗಡಿಗೂ ಗಂಡನ ಕ್ಷೌರದಂಗಡಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಆ ದಿನ ಗಂಡ ಕತ್ತರಿ ಹಿಡಿದ ಕೈಯಿಂದಲೇ ಪರದೆ ಸರಿಸಿ ಇಣುಕಿದ.

“ಏಪ್ರನ್ನುಗಳು ಆದ್ವೇನೇ? ನಾಳೆ ಸವಾರಿ.”

“ಬಟ್ಟೆ ಕತ್ತರಿಸಿ ಆಯ್ತು. ಹೊಲೀತಾ ಇದ್ದೀನಿ.”

“ಹೋದ್ಸಲ ಜೇಬು ಚಿಕ್ಕದಾಯ್ತು ಅಂತ ಅಮ್ಮ ಗೊಣಗಿದ್ಳು. ಸೌಟು ಹಿಡಿಸೋ ಹಾಗೆ ಮಾಡು.”

“ಈ ಸಲ ಜೇಬು ಬೆನ್ನಿಗೆ ಇಟ್ಟಿದ್ದೀನಿ.”

ಬೆನ್ನಿಗೆ ಜೇಬಿರುವ ಏಪ್ರನ್ನು ಎಂಥದು ಎಂದು ಕೇಳುವಷ್ಟರಲ್ಲಿ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಕೂಗಿಕೊಂಡ. ಗಂಡ ಓಡಿದ.

ಆ ಊರಿನ ಸೈಕಲ್ ಸಂಘಕ್ಕೆ ಈ ಕ್ಷೌರಿಕನೇ ಕ್ಯಾಪ್ಟನ್. ಎಲೆ ಹಣ್ಣಾಗಿ ಉದುರುವ ಕಾಲ ಬಂತೆಂದರೆ ಸಂಘದವರು ಒಂದು ಭಾನುವಾರ ಊರು ಬಿಟ್ಟು, ಕೊಯ್ದ ಹೊಲಗಳ ನಡುವೆ ಹಾದು, ಗುಡ್ಡ ಹತ್ತಿ ಇಳಿದು, ಆಚೆಯ ಕೆರೆ ಸೇರುತ್ತಿದ್ದರು. ಸೇರುತ್ತಿದ್ದರು ಎಂದರೆ ಗಂಡಸರು. ಹೆಂಗಸರೂ ಸದಸ್ಯರೇ, ಅವರಿಗೂ ಸೈಕಲ್ಲಿತ್ತು. ಆದರೆ ಆ ಸೈಕಲ್ಲುಗಳು ವ್ಯಾನಿನ ತಲೆಯ ಮೇಲೆ, ಹೆಂಗಸರು ವ್ಯಾನಿನ ಹೊಟ್ಟೆಯಲ್ಲಿ, ಪಾತ್ರೆಗಳು ಹೆಂಗಸರ ತೊಡೆಯ ಮೇಲೆ. ಕೆರೆಯ ಹತ್ತಿರ ಇಳಿದು ಏಪ್ರನ್ನು ಕಟ್ಟಿ ಅಡುಗೆ ಮಾಡಬೇಕು. ಊಟವಾದ ಮೇಲೆ ಏರಿಯ ಮೇಲೆ ಒಂದು ಸುತ್ತು ಸೈಕಲ್ ಹೊಡೆದು ಫೋಟೋಕ್ಕೆ ನಗಬೇಕು. ಶುರುವಿನಿಂದಲೂ ಹೀಗೇ ನಡೆದಿತ್ತು.

ದರ್ಜಿಯಮ್ಮನಿಗೆ ವ್ಯಾನಿನಲ್ಲಿ ಸಿಗುತ್ತಿದ್ದದ್ದು ಹಿಂದಕ್ಕೆ ಮುಖ ಮಾಡಿದ ಸೀಟು. ಇಷ್ಟು ವರ್ಷದಲ್ಲಿ ಅವಳು ಆ ರಸ್ತೆಯ ಬಾಲವನ್ನಷ್ಟೇ ನೋಡಿದ್ದಳು. ಮುಂದೇನು ಬರುತ್ತದೆಂದು ಒಂದು ಸಲವೂ ಗೊತ್ತಾಗಿರಲಿಲ್ಲ. ದಾಟಿಹೋದದ್ದು ಮಾತ್ರ ಕಾಣುತ್ತಿತ್ತು. ಈ ಸಲ ಆ ಗುಡ್ಡವನ್ನು ಎದುರಿನಿಂದ ನೋಡಬೇಕು, ತನ್ನ ಕಾಲಿನಲ್ಲೇ ದಾಟಬೇಕು ಎಂದು ಅವಳು ಹಟ ಹಿಡಿದುಬಿಟ್ಟಿದ್ದಳು.

ಬೆಳಗ್ಗೆ ಚೌಕದಲ್ಲಿ ಅವಳು ಗಂಟು ಬಿಚ್ಚಿದಳು. ಆಸ್ಪತ್ರೆಯ ನರ್ಸು ಒಂದನ್ನು ಎತ್ತಿ ಕೊಡವಿ ನೋಡಿದಳು.

“ಇದೇನಕ್ಕಾ, ಏಪ್ರನ್ನಿಗೆ ತೋಳು ಬಂದಿದೆಯಲ್ಲ!”

“ತೋಳೂ ಬಂದಿದೆ, ಕಾಲರ್ರೂ ಬಂದಿದೆ. ಹಾಕ್ಕೊಳ್ಳೇ. ನಿನ್ನಳತೆಗೇ ಹೊಲ್ದಿರೋದು.”

ಬೆನ್ನಿಗೆ ಜೇಬಿರುವ, ಗಂಡಸರು ಹಾಕುವಂಥದೇ ಹಳದಿ ಸೈಕಲ್ ಅಂಗಿ, ಅದೇ ಸಂಘದ ಗುರುತು. ಕ್ಯಾಪ್ಟನ್ನನ ಮುಖ ಮಾತ್ರ ಆ ಅಂಗಿಗಿಂತ ಹಳದಿಯಾಯಿತು.

“ಏನೇ ಇದು, ಎಲ್ಲರೆದುರು ನನ್ನ ಮಾನ ಕಳೀತೀಯಾ?”

“ಅಂಗಿ ಹಾಕ್ಕೊಂಡ್ರೆ ಮಾನ ಹೋಗುತ್ತೇನ್ರೀ? ನಾವು ಇವತ್ತು ಇಲ್ಲಿಂದಲೇ ಸೈಕಲ್ ಹೊಡೀತೀವಿ.”

“ತಮಾಷೆಯಲ್ಲ. ಅದೇನು ಸಾಮಾನ್ಯ ಏರಲ್ಲ. ಹೋದ ವರ್ಷ ಬೇಕರಿಯವನಂಥ ಬೇಕರಿಯವನೇ ಅಲ್ಲಿ ವಾಂತಿ ಮಾಡ್ಕೊಂಡ. ನಿಮಗೆ ಏನಾದ್ರೂ ಆದ್ರೆ ಎಲ್ಲರ ಮನೆಗೂ ಜವಾಬು ಹೇಳೋನು ನಾನು.”

“ಹಾಗಾದ್ರೆ ಈ ವರ್ಷ ಬೇಕರಿಯಣ್ಣನ್ನ ವ್ಯಾನಿಗೆ ಹಾಕಿದ್ದೀರಾ?”

ಬೇಕರಿಯವನು ಥಟ್ಟನೆ ಬಗ್ಗಿ, ಗಾಳಿ ತುಂಬಿದ್ದ ಟೈರನ್ನೇ ಮತ್ತೆ ಒತ್ತಿ ನೋಡತೊಡಗಿದ.

ಗಂಡ ದನಿ ತಗ್ಗಿಸಿದ. “ನೋಡು, ನೀವು ನಿಧಾನ. ಅದು ಸುಳ್ಳಾ?”

“ಸುಳ್ಳಲ್ಲ. ಆಮೆ ನೋಡಿದ್ರೂ ನಗುತ್ತೆ. ನೀವು ಕಾಯ್ಬೇಡಿ, ಹೋಗಿ.”

“ಮತ್ತೆ ಅಡುಗೆ?”

ಪ್ರಾಣಕ್ಕಿಂತ ಪ್ರಾಣವಾದ ಪ್ರಶ್ನೆ ಈಗ ಹೊರಬಿದ್ದಿತ್ತು.

“ಹೌದಲ್ವಾ?” ಎಂದಳು ದರ್ಜಿಯಮ್ಮ. “ಹಸಿವು ನಿಮ್ಮದು. ಯೋಚ್ನೆ ಮಾಡ್ಕೊಂಡು ಹೋಗಿ.”

ಗಂಡಸರು ಹೊರಟರು. ಊರು ದಾಟುವುದರೊಳಗೆ ಇವರೆಲ್ಲ ಏದುಸಿರು ಬಿಟ್ಟು ವ್ಯಾನು ಹತ್ತುತ್ತಾರೆ ಎಂದು ಅವರ ನಂಬಿಕೆ. ಅದೂ ಅಲ್ಲದೆ ವ್ಯಾನಿನಲ್ಲಿ ಕ್ಯಾಪ್ಟನ್ನನ ತಾಯಿ ಕೂತಿದ್ದಳು. ಆ ಮುದುಕಿ ಗದರಿದರೆ ಕುದಿಯುವ ಹಾಲೂ ಕೆಳಗಿಳಿದು ಕೂರುತ್ತಿತ್ತು. ಸೊಸೆಯನ್ನು ಜುಟ್ಟು ಹಿಡಿದಾದರೂ ವ್ಯಾನಿಗೆ ಹಾಕುತ್ತಾಳೆ ಎಂದುಕೊಂಡು ಮಗ ನಿಶ್ಚಿಂತೆಯಿಂದ ಪೆಡಲ್ ತುಳಿದ.

ಡ್ರೈವರ್ ಕೇಳಿದ, “ಅಜ್ಜಿ, ಮುಂದೆ ಹೋಗ್ಲಾ?”

“ಹಿಂದೆ ಇರು.”

“ಒಲೆ ಹಚ್ಚೋಕೆ ತಡ ಆಗುತ್ತೆ.”

“ನಿನ್ನನ್ನ ನಾನು ಹೊತ್ತು ಕೇಳಿದ್ನಾ? ಹುಡುಗೀರ ಹಿಂದೆ ಇರು ಅಂದೆ.”

ಆ ಹುಡುಗಿಯರಲ್ಲಿ ಅರ್ಧ ಜನಕ್ಕೆ ತಲೆ ನರೆತಿತ್ತು.

ಹೊಲಗಳಲ್ಲಿ ಕೊಯ್ದ ಪೈರಿನ ಮೋಟುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಗಾಳಿ ಬೀಸಿದಾಗಲೆಲ್ಲ ಒಣಗಿದೆಲೆಗಳು ಚಕ್ರದ ಕಡ್ಡಿಗಳಿಗೆ ಸಿಕ್ಕಿ ಚಟಚಟ ಅನ್ನುತ್ತಿದ್ದವು. ರಸ್ತೆ ದರ್ಜಿಯಮ್ಮನ ಎದುರಿಗೇ ಬಿಚ್ಚಿಕೊಳ್ಳುತ್ತಿತ್ತು. ಒಂದೊಂದು ತಿರುವಿಗೂ ಅವಳು “ಓ, ಇದಾ ನೀನು!” ಎಂದು ಮಾತಾಡಿಸುತ್ತ ಹೋದಳು.

ಗುಡ್ಡ ಬಂತು. ಅದು ಏರಲ್ಲ, ಆಕಾಶಕ್ಕೆ ಒರಗಿಸಿಟ್ಟ ಏಣಿ. ನರ್ಸು ಹಲ್ಲು ಕಚ್ಚಿ ತುಳಿದು ಮುಂದೆ ಹೋದಳು. ಉಳಿದವರು ಹಾವಿನ ಹಾಗೆ ಅಂಕುಡೊಂಕಾಗಿ ಹತ್ತಿದರು. ದರ್ಜಿಯಮ್ಮನ ತೊಡೆ ಉರಿಯಿತು, ಎದೆ ಕಮ್ಮಾರನ ತಿದಿಯಾಯಿತು. ಅರ್ಧ ಏರಿನಲ್ಲಿ ಅವಳು ಇಳಿದು ತಳ್ಳತೊಡಗಿದಳು.

ಆಗಲೇ ಮೇಲಿಂದ ಗಂಡ ಇಳಿದು ಬಂದ. ಕೆರೆ ತಲುಪಿ, ಕಾದು, ಹೊಟ್ಟೆ ಚುರುಗುಟ್ಟಿ ತಿರುಗಿ ಬಂದಿದ್ದ.

“ಸಾಕು, ಹತ್ತು ವ್ಯಾನು. ಅಲ್ಲಿ ಎಲ್ಲರೂ ಹಸ್ಕೊಂಡು ಕೂತಿದ್ದಾರೆ.”

“ಇಲ್ಲ.”

“ಸೈಕಲ್ಲಾದ್ರೂ ಕೊಡೇ, ನಾನು ತಳ್ತೀನಿ. ಉಸಿರು ನೋಡು ನಿಂದು.”

“ಬಿಡಿ ಕೈ. ನನ್ನ ಗುಡ್ಡ ಇದು.”

ಅವನು ಹ್ಯಾಂಡಲ್ ಬಿಟ್ಟ. ಹೆಂಡತಿಯ ಕೆಂಡದಂಥ ಮುಖ ನೋಡಿದ. ಇಷ್ಟು ವರ್ಷ ಜೊತೆಗಿದ್ದೂ ಆ ಮುಖವನ್ನು ಅವನು ಕಂಡಿರಲಿಲ್ಲ. ಸುಸ್ತಾಗಿತ್ತು, ಬೆವತಿತ್ತು, ಆದರೂ ಅದು ನಗುತ್ತಿತ್ತು.

“ಅಮ್ಮಾ, ನೀನಾದ್ರೂ ಹೇಳೇ,” ಎಂದ ವ್ಯಾನಿನ ಕಡೆ ತಿರುಗಿ.

“ಏನು ಹೇಳಲೋ? ನನ್ನ ಮಂಡಿ ನೆಟ್ಟಗಿದ್ದಿದ್ರೆ ನಾನೂ ಅಲ್ಲೇ ಇರ್ತಿದ್ದೆ. ಹಸಿದೋನು ನೀನು ತಾನೇ? ಹತ್ತು. ಹೋಗಿ ಒಲೆ ಹಚ್ಚು.”

ಕ್ಯಾಪ್ಟನ್ ರಸ್ತೆಯ ಆ ತುದಿ ಈ ತುದಿ ನೋಡಿದ. ಸಂಘದ ಗಂಡಸರು ಯಾರೂ ಇರಲಿಲ್ಲ. ಇದ್ದಿದ್ದರೂ ಹಸಿವು ಅಷ್ಟು ಮರ್ಯಾದೆ ಉಳಿಸಿರಲಿಲ್ಲ. ಸೈಕಲ್ಲನ್ನು ವ್ಯಾನಿನ ಮೇಲೆ ಎತ್ತಿ ಕಟ್ಟಿದ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಕೂತ. ತಾಯಿ ಆಲೂಗಡ್ಡೆಯ ಪಾತ್ರೆಯನ್ನು ಅವನ ತೊಡೆಯ ಮೇಲಿಟ್ಟು ಕೈಗೆ ಚಾಕು ಕೊಟ್ಟಳು. ವ್ಯಾನು ಹೆಂಗಸರನ್ನು ದಾಟಿ ಮುಂದೆ ಹೋಯಿತು. ಹೆಂಡತಿ ಚಿಕ್ಕದಾಗುತ್ತ ಹೋಗುವುದನ್ನು ಅವನು ಹಿಂದಿನ ಗಾಜಿನಿಂದ ನೋಡುತ್ತ ಕೂತ.

ಗುಡ್ಡದ ನೆತ್ತಿಯಲ್ಲಿ ನರ್ಸು ಕಾಯುತ್ತಿದ್ದಳು. ಕೆಳಗೆ ಕೆರೆ ಒಗೆದು ಹರವಿದ ಸೀರೆಯ ಹಾಗೆ ಬಿದ್ದುಕೊಂಡಿತ್ತು.

“ಅಕ್ಕಾ, ಇಳಿಜಾರು ಜೋರಿದೆ, ಹುಷಾರು!”

ದರ್ಜಿಯಮ್ಮ ಸೆರಗು ಬಿಗಿದಳು, ಸೀಟು ಹತ್ತಿದಳು. ಗಾಳಿ ಕಿವಿಯಲ್ಲಿ ಕೇಕೆ ಹಾಕಿತು. ಅವಳೂ ಹಾಕಿದಳು. ಹೊಲದಲ್ಲಿದ್ದ ಕೊಕ್ಕರೆಗಳೆಲ್ಲ ಒಟ್ಟಿಗೆ ಹಾರಿದವು.

ಕೆರೆಯಂಗಳದಲ್ಲಿ ಒಲೆ ಹೊಗೆಯಾಡುತ್ತಿತ್ತು. ಈರುಳ್ಳಿ ಹೆಚ್ಚುತ್ತಿದ್ದ ಗಂಡಸರು ಹೆತ್ತವರು ಸತ್ತಷ್ಟು ಅಳುತ್ತಿದ್ದರು. ಬೇಕರಿಯವನು ಸೌಟು ಹಿಡಿದೇ ಎದುರು ಬಂದ.

“ಬಂದ್ರಲ್ಲ, ಸದ್ಯ! ಅಕ್ಕಾ, ಇದಕ್ಕೆ ಉಪ್ಪು ಎಷ್ಟು?”

ದರ್ಜಿಯಮ್ಮ ಸೈಕಲ್ಲನ್ನು ಮರಕ್ಕೆ ಒರಗಿಸಿದಳು. ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಕಾಲು ನೀಡಿ ಕೂತಳು.

“ರುಚಿ ನೋಡ್ಕೊಂಡು ಹಾಕಪ್ಪಾ,” ಎಂದಳು. “ಬೇಗ ಆಗ್ಲಿ. ಗುಡ್ಡ ಹತ್ತಿ ಬಂದಿದ್ದೀವಿ, ಹೊಟ್ಟೆ ಹಸೀತಿದೆ.”