ಮುರಿದಿದ್ದು ನನ್ನ ಮಗಳ ಕೈ

ಕಾವೇರಿಯ ಎಡಗೈ ಮುರಿದದ್ದು ಶನಿವಾರ ಬೆಳಿಗ್ಗೆ, ಶಾಲೆಯ ಅಂಗಳದಲ್ಲಿ ಖೋ-ಖೋ ಆಡುವಾಗ. ಅವಳಿಗೆ ಎಂಟು ವರ್ಷ, ಮೂರನೇ ತರಗತಿ. ಬೆನ್ನಟ್ಟಿ ಬಂದವಳಿಂದ ತಪ್ಪಿಸಿಕೊಳ್ಳಲು ಕಂಬ ಹಿಡಿದು ಗಿರಕ್ಕನೆ ತಿರುಗಿದಳು. ಕಾಲು ಜಾರಿತು, ಮೈಭಾರವೆಲ್ಲ ಮುಂಗೈ ಮೇಲೆ ಬಿತ್ತು.

ಆಟ ಆಡಿಸುತ್ತಿದ್ದ ಪೂರ್ಣಿಮಾ ಅಕ್ಕೋರು ಗಾಬರಿ ಬೀಳಲಿಲ್ಲ. ಕೈ ಕೆಳಗೆ ಫೂಟ್‌ಪಟ್ಟಿ ಇಟ್ಟು, ತಮ್ಮ ವೇಲಿನಿಂದ ಬಿಗಿಯಾಗಿ ಕಟ್ಟಿ, ಆಟೋ ಮಾಡಿಸಿಕೊಂಡು ಹುಡುಗಿಯನ್ನು ಜಮಖಂಡಿಯ ಎಲುಬಿನ ಡಾಕ್ಟರ ಬಳಿ ಒಯ್ದರು. ದಾರಿಯಲ್ಲೇ ತಾಯಿ ದಾನೇಶ್ವರಿಗೆ ಫೋನು ಮಾಡಿದರು.

ದಾನೇಶ್ವರಿ ಬನಹಟ್ಟಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಸೀರೆ ನೇಯುತ್ತಿದ್ದಳು. ಮಗ್ಗ ನಿಲ್ಲಿಸಿ, ತಲೆಯ ಮೇಲಿನ ಹತ್ತಿಯ ದೂಳನ್ನೂ ಕೊಡವಿಕೊಳ್ಳದೆ ಬಸ್ಸು ಹಿಡಿದಳು. ಅವಳು ದವಾಖಾನೆ ಮುಟ್ಟುವ ಹೊತ್ತಿಗೆ ಪ್ಲಾಸ್ಟರ್ ಹಾಕಿ ಆಗಿತ್ತು. ಕಾವೇರಿ ಇನ್ನೂ ಬಿಕ್ಕುತ್ತಿದ್ದಳು.

"ಬಾಳ ನೋವಾಗತೈತೇನವ್ವಾ?"

"ನಾ ಔಟ್ ಆಗಿದ್ದಿಲ್ಲವ್ವಾ. ಬಿದ್ದ ಮ್ಯಾಲ ಮುಟ್ಯಾಳ ಆಕಿ. ಅಕ್ಕೋರು ಏನೂ ಹೇಳವಲ್ರು ನೋಡು."

ದಾನೇಶ್ವರಿಗೆ ಅಳುವ ಜಾಗದಲ್ಲಿ ನಗು ಬಂತು. ಡಾಕ್ಟರು ಸಣ್ಣ ಬಿರುಕು ಅಂದರು, ಈ ವಯಸ್ಸಿಗೆ ಮೂರು ವಾರದಲ್ಲಿ ಕೂಡುತ್ತದೆ ಅಂದರು. ಹೊರಗೆ ಬೆಂಚಿನ ಮೇಲೆ ಅಕ್ಕೋರು ತಲೆ ತಗ್ಗಿಸಿ ಕೂತಿದ್ದರು. "ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

"ನಿಮ್ಮ ಮ್ಯಾಲ ಯಾಕ್ರಿ ಸಿಟ್ಟು? ಓಡೋ ಹುಡುಗರು ಬೀಳ್ತಾವ. ನಾ ಸಣ್ಣಾಕಿದ್ದಾಗ ಎರಡು ಸರ್ತಿ ಬಿದ್ದು ಕಾಲು ಮುರಕೊಂಡೇನಿ. ಇವತ್ತ ಎಂಟು ತಾಸು ಮಗ್ಗದ ಮುಂದ ನಿಲ್ಲತೇನಿ," ಅಂದಳು ದಾನೇಶ್ವರಿ.

ಅವಳ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು.

ಮಂಗಳವಾರ ಕಾವೇರಿ ಪ್ಲಾಸ್ಟರ್ ಕೈಯನ್ನು ಕೊರಳಿಗೆ ತೂಗು ಹಾಕಿಕೊಂಡು ಹುರುಪಿನಿಂದ ಶಾಲೆಗೆ ಹೋದಳು. ಗೆಳತಿಯರಿಂದ ಅದರ ಮೇಲೆ ಹೆಸರು ಬರೆಸಿಕೊಳ್ಳುವ ಆಸೆ ಅವಳಿಗೆ. ಸಂಜೆ ಮರಳಿ ಬಂದಾಗ ಪ್ಲಾಸ್ಟರ್ ಬೆಳ್ಳಗೇ ಇತ್ತು. ಚುರುಮುರಿ ಕೊಟ್ಟರೆ ಮುಟ್ಟಲಿಲ್ಲ. ಬಾಗಿಲ ಹಿಂದೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು. ಬಹಳ ಹೊತ್ತು ಕೇಳಿದ ಮೇಲೆ ಬಾಯಿ ಬಿಟ್ಟಳು.

"ಕಂಬ ಕಿತ್ತಾರವ್ವಾ. ನಾಲ್ಕನೇತ್ತೆ ತನಕ ಯಾರೂ ಓಡಂಗಿಲ್ಲಂತ. ಎಲ್ಲಾರೂ ನನಗ ಬೈಯಾಕತ್ತಾರ. ನಿನ್ನ ಸಲುವಾಗಿನ ಆಟ ಹೋತು ಅಂತಾರ. ಯಾರೂ ಬಾಜೂಕ ಕೂಡವಲ್ರು."

ದಾನೇಶ್ವರಿ ಫೋನು ತೆಗೆದು ಶಾಲೆಯ ಗ್ರೂಪು ನೋಡಿದಳು. ಸೋಮವಾರವೇ ಸೂಚನೆ ಬಂದಿತ್ತು. ಕೆಲಸದ ಗದ್ದಲದಲ್ಲಿ ಅವಳು ನೋಡಿರಲಿಲ್ಲ. 'ಮೂರನೇ ತರಗತಿಯ ವಿದ್ಯಾರ್ಥಿನಿ ಕಾವೇರಿಗೆ ಆದ ಅವಘಡದ ಹಿನ್ನೆಲೆಯಲ್ಲಿ, ಚಿಕ್ಕ ಮಕ್ಕಳ ಸುರಕ್ಷತೆಗಾಗಿ' ಎಂದು ಶುರುವಾಗಿ ಹನ್ನೊಂದು ನಿಯಮಗಳಿದ್ದವು. ಬಿಡುವಿನಲ್ಲಿ ಓಡಬಾರದು. ಜಿಗಿಯಬಾರದು. ಒಬ್ಬರನ್ನೊಬ್ಬರು ಹಿಡಿದು ಎಳೆಯಬಾರದು. ಮೆಟ್ಟಿಲು ಇಳಿಯುವಾಗ ಸಾಲು ಬಿಡಬಾರದು. ಆಟದ ಅವಧಿಯಲ್ಲಿ ಕೂತಲ್ಲೇ ಆಡುವ ಆಟ ಮಾತ್ರ. ಕೊನೆಯಲ್ಲಿ, 'ನಿರ್ಲಕ್ಷ್ಯ ತೋರಿದ ಶಿಕ್ಷಕಿಗೆ ನೋಟೀಸು ನೀಡಿದ್ದು, ಅವರ ಮೇಲೆ ಕ್ರಮ ಜರುಗಿಸಲಾಗುವುದು.'

ಅದರ ಕೆಳಗೆ ಪಾಲಕರ ಮಾತು ಸಾಲುಗಟ್ಟಿತ್ತು. ಛಲೋ ಮಾಡಿದ್ರಿ. ಆ ಟೀಚರನ್ನ ಮೊದಲು ತೆಗೀರಿ. ನಮ್ಮ ಮಕ್ಕಳ ಜೀವ ಅಂದ್ರ ಹುಡುಗಾಟಕಿ ಏನು? ಒಬ್ಬರಾದರೂ ಅವಳ ಮಗಳು ಹೇಗಿದ್ದಾಳೆಂದು ಕೇಳಿರಲಿಲ್ಲ. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದವಳು ಒಂದು ಹೆಸರಿನ ಮೇಲೆ ನಿಂತಳು. ಗಂಡ ಮುರಗೆಪ್ಪ. ಸೂಚನೆಗೆ ಕೈ ಮುಗಿದ ಚಿತ್ರ ಹಾಕಿದ್ದ.

ಮುರಗೆಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದವನ ಮುಂದೆ ಅವಳು ಫೋನು ಹಿಡಿದಳು.

"ಇದಕ್ಕ ಯಾಕ ಕೈ ಮುಗದೀರಿ?"

"ಎಲ್ಲಾರೂ ಹಾಕಿದ್ರು, ನಾನೂ ಹಾಕಿದೆ. ಒಳ್ಳೇದಕ್ಕ ಮಾಡ್ಯಾರ, ಬಿಡು. ನಮ್ಮ ಕಾರ್ಖಾನ್ಯಾಗ ನೋಡು, ಹೆಲ್ಮೆಟ್ ಇಲ್ಲದ ಒಳಗ ಬಿಡಂಗಿಲ್ಲ. ರೂಲ್ಸ್ ಇದ್ರ ಮಂದಿ ಉಳೀತಾರ."

"ಹೆಲ್ಮೆಟ್ ಹಾಕ್ಕೊಂಡು ಕೆಲಸ ಮಾಡ್ರಿ ಅಂತಾರೋ, ಕಾರ್ಖಾನಿನ ಬಂದ್ ಮಾಡ್ರಿ ಅಂತಾರೋ?"

ಮುರಗೆಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ. ಬಾಗಿಲ ಹಿಂದೆ ಕೂತ ಮಗಳನ್ನು ನೋಡಿದ ಮೇಲೆ, "ನನಗ ಅಷ್ಟ ಗೊತ್ತಾಗಲಿಲ್ಲ," ಅಂದ.

ಮರುದಿನ ಅವಳು ಶೆಡ್ಡಿಗೆ ಅರ್ಧ ದಿನ ರಜೆ ಹೇಳಿ ಶಾಲೆಗೆ ಹೋದಳು. ಗೇಟಿಗೆ ಹೊಸ ಕೀಲಿ ಬಿದ್ದಿತ್ತು. ಹೊಸ ನಿಯಮದ ಪ್ರಕಾರ ಪಾಲಕರಿಗೆ ಮೂರು ಗಂಟೆಗೆ ಮುಂಚೆ ಪ್ರವೇಶವಿಲ್ಲ ಎಂದು ಜವಾನ ಹೇಳಿದ. ಇದೂ ಮಕ್ಕಳ ಸುರಕ್ಷತೆಗೇ ಅಂತೆ. ಅವಳು ರಸ್ತೆಯಲ್ಲೇ ನಿಂತಳು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಒಂದರ ಹಿಂದೊಂದು ಬರುತ್ತಿದ್ದವು. ಹೊರಗೆ ಚಾಚಿದ ಕಬ್ಬಿನ ಜಲ್ಲೆ ಅವಳ ಸೆರಗು ಸವರಿಕೊಂಡೇ ಹೋಯಿತು. ಇಲ್ಲೊಂದು ಹಂಪ್ ಹಾಕಿಸಿರೆಂದು ಮೂರು ವರ್ಷದಿಂದ ಓಣಿಯ ಹೆಂಗಸರು ಶಾಲೆಗೆ ಹೇಳುತ್ತಲೇ ಬಂದಿದ್ದರು. ಅಷ್ಟರಲ್ಲಿ ಮಧ್ಯಾಹ್ನಕ್ಕೆ ಬಿಡುವ ಸಣ್ಣ ಮಕ್ಕಳನ್ನು ಒಯ್ಯಲು ಶಾಲೆಯ ಟಂಟಂ ಆಟೋ ಬಂತು. ಗೇಟು ತೆರೆಯಿತು. ಅವಳು ನಿಂತಲ್ಲೇ ಎಣಿಸಿದಳು. ಹದಿನಾರು ಮಕ್ಕಳು. ಒಬ್ಬನು ಡ್ರೈವರನ ಪಕ್ಕ, ಅರ್ಧ ಪೃಷ್ಠ ಗಾಳಿಯಲ್ಲಿ. ಹಿಂದೆ ಚೀಲಗಳ ಮೇಲೆ ಚೀಲದಂತೆ ಇನ್ನಿಬ್ಬರು. ಟಂಟಂ ಟ್ರ್ಯಾಕ್ಟರುಗಳ ನಡುವೆ ನುಗ್ಗಿ ಹೋಯಿತು.

ತೆರೆದ ಗೇಟಿನಿಂದ ಅವಳು ಒಳಗೆ ನಡೆದೇಬಿಟ್ಟಳು.

ಬಿಡುವಿನ ಹೊತ್ತು. ಆದರೂ ಅಂಗಳ ಖಾಲಿ. ಮಕ್ಕಳೆಲ್ಲ ವರಾಂಡದಲ್ಲಿ ಸಾಲಾಗಿ, ಬಾಯಿ ಮೇಲೆ ಬೆರಳಿಟ್ಟು ಕೂತಿದ್ದರು. ಕಂಬವಿದ್ದ ಎರಡು ಕಡೆ ಹಸಿ ಮಣ್ಣು ತುಂಬಿ ತುಳಿದಿದ್ದರು. ಇಬ್ಬರು ಹುಡುಗರು ಸದ್ದಾಗದಂತೆ ಪೆನ್ಸಿಲಿನಿಂದ ಒಬ್ಬರ ತೊಡೆಗೊಬ್ಬರು ಚುಚ್ಚುತ್ತಿದ್ದರು. ಸಾಲಿನ ತುದಿಯಲ್ಲಿ ಕಾವೇರಿ. ಅವಳ ಪಕ್ಕ ಒಂದು ಮಗು ಕೂರುವಷ್ಟು ಜಾಗ ಬಿಟ್ಟಿದ್ದರು.

ದಾನೇಶ್ವರಿಗೆ ಕಿವಿಯವರೆಗೆ ಬಿಸಿಯಾಯಿತು.

ಹೆಡ್ ಮಾಸ್ತರ ಕೋಣೆಯಲ್ಲಿ ಗಿರಿಮಲ್ಲಪ್ಪ ಮಾಸ್ತರೂ ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷ ಪಾಂಡಪ್ಪನವರೂ ಚಹಾ ಕುಡಿಯುತ್ತಿದ್ದರು. ಪಾಂಡಪ್ಪನವರು ನೂಲಿನ ವ್ಯಾಪಾರಿ, ಊರಿಗೆಲ್ಲ ಸಾಹುಕಾರರು. ಅವಳನ್ನು ಕಂಡು ಇಬ್ಬರಿಗೂ ಸಮಾಧಾನವೇ ಆದಂತಿತ್ತು. ಮಾಸ್ತರು ಒಂದು ಹಾಳೆ ಮುಂದೆ ಸರಿಸಿದರು.

"ಛಲೋ ಆತು ಬಂದ್ರಿ. ನಿಮ್ಮದೊಂದು ಸಹಿ ಬೇಕಾಗಿತ್ತು."

ಟೈಪು ಮಾಡಿದ ಹಾಳೆ. 'ಶಿಕ್ಷಕಿ ಪೂರ್ಣಿಮಾ ಇವರ ನಿರ್ಲಕ್ಷ್ಯದಿಂದ ನನ್ನ ಮಗಳಿಗೆ ಗಾಯವಾಗಿದ್ದು, ಶಾಲೆ ಕೈಗೊಂಡ ಕ್ರಮದಿಂದ ನನಗೆ ತೃಪ್ತಿಯಾಗಿದೆ.' ಕೆಳಗೆ ಅವಳ ಹೆಸರು, ಖಾಲಿ ಗೆರೆ.

ದಾನೇಶ್ವರಿ ಎರಡು ಸಲ ಓದಿದಳು. "ಇದನ್ನ ಬರದವರು ಯಾರ್ರಿ?"

"ಎಲ್ಲಾ ಕಡೆ ಹಿಂಗ ಬರೀತಾರ್ರಿ. ಪದ್ಧತಿ ಇದು."

"ನನಗ ತೃಪ್ತಿ ಆಗೇತಿ ಅಂತ ನಿಮಗ ಯಾರು ಹೇಳಿದ್ರು? ಮುರಿದಿದ್ದು ನನ್ನ ಮಗಳ ಕೈ. ಸಿಟ್ಟು ಬರಬೇಕಾಗಿದ್ದು ನನಗ. ನನಗ ಬಂದಿಲ್ಲ, ನಿಮಗ್ಯಾಕ ಬಂತು? ಆ ಅಕ್ಕೋರು ತಮ್ಮ ವೇಲ್ ತಗದು ಕೈ ಕಟ್ಯಾರ. ಅವರಿಗೆ ನೋಟೀಸು. ನನ್ನ ಮಗಳ ಮರ್ಯಾದಿ ಇಡೀ ಸಾಲಿ ಮುಂದ ತಗದೀರಿ. ಆಕಿ ಹೆಸರು ಹಾಕಿ ಆಟ ಬಂದ್ ಮಾಡೀರಿ!"

ಪಾಂಡಪ್ಪನವರು ಕಪ್ಪು ಕೆಳಗಿಟ್ಟರು. ಅವರ ದನಿ ಏರಲಿಲ್ಲ. "ತಂಗೀ, ನೀ ಇವತ್ತ ಹಿಂಗ ಅಂತಿ. ನಾಳೆ ಇನ್ನೊಂದು ಕೂಸು ಬೀಳತೈತಿ. ಅದರಪ್ಪ ಇಪ್ಪತ್ತು ಮಂದಿ ಕರಕೊಂಡು ಬಂದು ಮಾಸ್ತರ ಕಾಲರ್ ಹಿಡೀತಾನ. ವಿಡಿಯೋ ಮಾಡಿ ಬಿಡ್ತಾನ. ಪೊಲೀಸ್ ಕಂಪ್ಲೇಂಟು ಆಗತೈತಿ. ಗ್ರೂಪಿನ್ಯಾಗ ನೋಡಿದಿಲ್ಲೋ ಹೆಂಗ ಬರದಾರ? ಆಟ ಬಂದ್ ಮಾಡ್ರಿ ಅಂದವರು ನಾವಲ್ಲ, ನಿಮ್ಮಂಥ ಪಾಲಕರ."

ಗಂಡ ಹಾಕಿದ ಕೈ ಮುಗಿದ ಚಿತ್ರ ಅವಳ ಕಣ್ಮುಂದೆ ಬಂತು. ಆದರೆ ಮತ್ತೊಂದು ಮಾತು ಬಾಯಿಗೆ ಬಂತು.

"ಮಕ್ಕಳ ಜೀವದ ಚಿಂತಿ ಅಷ್ಟ ಇತ್ತಂದ್ರ, ಈಗ ಹೋದ ಟಂಟಂದಾಗ ಹದಿನಾರು ಹುಡುಗರು ಯಾಕದಾವ? ಟ್ರ್ಯಾಕ್ಟರ್ ನಡುವ ಓಡಸಾಕತ್ತಾನ. ಅದರ ರೂಲ್ಸ್ ಈ ಹಾಳ್ಯಾಗ ಎಲ್ಲೈತಿ?"

ಗಿರಿಮಲ್ಲಪ್ಪ ಮಾಸ್ತರು ಮೆಲ್ಲಗೆ ಹೇಳಿದರು, "ಅದು ಗೇಟಿನ ಹೊರಗಿಂದು ಬಿಡ್ರಿ. ನಮ್ಮ ಜವಾಬ್ದಾರಿ ಗೇಟಿನ ಒಳಗ."

ದಾನೇಶ್ವರಿ ಅವರ ಕಡೆ ತಿರುಗಿದಳು. "ಅಂದ್ರ ಹುಡುಗರು ಸಾಯೂದಿದ್ರ ಹೊರಗ ಸಾಯ್ಲಿ. ನಿಮಗ ಕೇಸ್ ಬರಬಾರದು. ಅಷ್ಟ ಹೌದಿಲ್ಲೋ?"

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿಟ್ಟುಕೊಂಡು ಎದ್ದಳು.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತಾಗ, ಅದೇ ಹಾಳೆಯ ಹಿಂಬದಿಗೆ ಅವಳು ತಾನೇ ಒಂದು ಅರ್ಜಿ ಬರೆದಳು. ಪಿಯುಸಿ ತನಕ ಓದಿದವಳು, ಅಕ್ಷರಗಳು ದುಂಡಗೆ ಬಂದವು. ಮಕ್ಕಳನ್ನು ಓಡಲು ಬಿಡಿ. ಅಕ್ಕೋರ ಮೇಲಿನ ನೋಟೀಸು ಹಿಂತೆಗೆದುಕೊಳ್ಳಿ. ಟಂಟಂದಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳನ್ನು ಹಾಕಬೇಡಿ. ಗೇಟಿನ ಮುಂದೆ ಹಂಪ್ ಹಾಕಿಸಿ. ಆಟದಲ್ಲಿ ನಮ್ಮ ಮಗು ಬಿದ್ದರೆ ನಾವು ಜಗಳಕ್ಕೆ ಬರುವುದಿಲ್ಲ. ಕೊನೆಯ ಸಾಲನ್ನು ಬರೆಯುವಾಗ ಪಾಂಡಪ್ಪನವರ ಮಾತು ನೆನಪಾಗಿ ಅದರ ಕೆಳಗೆ ಗೆರೆ ಎಳೆದಳು.

ನಾಲ್ಕು ಸಂಜೆ ಮನೆ ಮನೆ ತಿರುಗಿದಳು. ಮೊದಲ ಸಹಿ ಮುರಗೆಪ್ಪನದು. ಮಗ್ಗದ ಹೆಂಗಸರು ಹಲವರು ಹಾಕಿದರು. ಗ್ರೂಪಿನಲ್ಲಿ ಜೋರಾಗಿ ಬರೆದಿದ್ದ ಇಬ್ಬರು ಎದುರಿಗೆ ಕೇಳಿದಾಗ ನಾಚಿಕೊಂಡು ಪೆನ್ನು ತಗೊಂಡರು. ಕೆಲವರು ಬಾಗಿಲಲ್ಲೇ ಕಳಿಸಿದರು.

ಹಿಂದಿನ ಓಣಿಯ ಶಿವವ್ವ ಒಳಗೆ ಕರೆದು ನೀರು ಕೊಟ್ಟಳು. ಅರ್ಜಿ ಪೂರ್ತಿ ಓದಿಸಿ ಕೇಳಿದಳು. ಆಮೇಲೆ ಅಂದಳು, "ಟಂಟಂದ ಮಾತು ಖರೆ ಐತಿ. ಆದ್ರ ನಾ ಸಹಿ ಹಾಕಂಗಿಲ್ಲವ್ವಾ. ಆಡಾಕ ಹೋಗ್ತೇನವ್ವಾ ಅಂತ ಹೇಳೇ ಹೋಗಿದ್ದ ದೊಡ್ಡಾಂವ. ಹಿಪ್ಪರಗಿ ಹೊಳ್ಯಾಗ ಸಿಕ್ಕ. ಈಗ ಇದೊಂದ ಉಳದೈತಿ. ಸಾಲ್ಯಾಗ ಕಟ್ಟಿ ಹಾಕ್ತೇವಿ ಅಂದ್ರೂ ನಾ ಹ್ಞೂಂ ಅಂತೇನಿ."

ದಾನೇಶ್ವರಿ ಹಾಳೆ ಮಡಚಿದಳು. ಅಲ್ಲಿ ಅವಳ ಸಿಟ್ಟು ನಡೆಯಲಿಲ್ಲ. ಶಿವವ್ವನ ಕೈ ಹಿಡಿದು ಸ್ವಲ್ಪ ಹೊತ್ತು ಕೂತು ಎದ್ದು ಬಂದಳು. ದಾರಿಯಲ್ಲಿ ಮತ್ತೆ ಸಿಟ್ಟು ಬಂತು. ಶಿವವ್ವನಂಥವರ ಹೆದರಿಕೆ ಬೇರೆ, ಚಹಾ ಕುಡಿಯುತ್ತ ಕೂತವರ ಹೆದರಿಕೆ ಬೇರೆ ಅನ್ನಿಸಿ ಇನ್ನೂ ಹೆಚ್ಚಾಯಿತು.

ಭಾನುವಾರ ಪಾಲಕರ ಸಭೆ ಆಯಿತು. ನಲವತ್ತೊಂದು ಸಹಿ ಇದ್ದ ಅರ್ಜಿಯನ್ನು ಪಾಂಡಪ್ಪನವರು ಎರಡು ಸಲ ತಿರುವಿ ನೋಡಿದರು, ಹಿಂಬದಿಯ ಟೈಪು ಅಕ್ಷರ ಕಂಡು ಮುಖ ಸಣ್ಣ ಮಾಡಿದರು. ಗದ್ದಲವಾಯಿತು. ಕೊನೆಗೆ ಬುಧವಾರ ಮತ್ತು ಶನಿವಾರ ಆಟಕ್ಕೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಯಾರಾದರೊಬ್ಬ ಪಾಲಕರು ಅಂಗಳದಲ್ಲಿ ನಿಂತಿರಬೇಕು. ಟಂಟಂದಲ್ಲಿ ಹತ್ತು ಮಕ್ಕಳು. ಹಂಪಿನ ಬಗ್ಗೆ ಮೇಲಿನವರಿಗೆ ಪತ್ರ ಬರೆಯುತ್ತೇವೆ ಅಂದರು. ನೋಟೀಸಿನ ಮಾತು ಬಂದಾಗ ಗಿರಿಮಲ್ಲಪ್ಪ ಮಾಸ್ತರು ಗಂಟಲು ಸರಿಮಾಡಿಕೊಂಡರು.

"ಅದರ ಪ್ರಶ್ನೆ ಈಗಿಲ್ಲರಿ. ಪೂರ್ಣಿಮಾ ಟೀಚರ್ ಶುಕ್ರವಾರ ರಾಜೀನಾಮೆ ಕೊಟ್ಟು ಹೋದ್ರು."

ದಾನೇಶ್ವರಿ ಸಭೆಯಿಂದ ಹೊರಗೆ ಬಂದು ಅಲ್ಲೇ ನಿಂತು ಫೋನು ಹಚ್ಚಿದಳು. ಅಕ್ಕೋರು ಶನಿವಾರವೇ ಲೋಕಾಪುರದ ಒಂದು ಶಾಲೆಗೆ ಸೇರಿದ್ದರು.

"ವಾಪಸ್ ಬರ್ರಿ ಅಕ್ಕೋರ. ನಾವು ನಲವತ್ತೊಂದು ಮಂದಿ ಅದೇವಿ."

"ಬ್ಯಾಡ್ರಿ. ಇಲ್ಲಿ ಗಣಿತ ಕೊಟ್ಟಾರ. ಬರೇ ಗಣಿತ ಹೇಳ್ತೇನಿ ಅಂತ ನಾನ ಕೇಳಿಕೊಂಡೇನಿ." ಆಮೇಲೆ ತಾವೇ ಅಂದರು, "ಇನ್ನೊಬ್ಬರ ಮಕ್ಕಳನ್ನ ಅಂಗಳಕ್ಕ ಇಳಸಾಕ ನನಗ ಧೈರ್ಯ ಇಲ್ಲರಿ ಈಗ. ಅವತ್ತು ಆಕಿ ಕೈ ಕಟ್ಟುವಾಗ ನನ್ನ ಕೈ ನಡುಗಿದ್ದಿಲ್ಲ. ಆ ನೋಟೀಸ್ ಓದುವಾಗ ನಡುಗಿದ್ವು."

ದಾನೇಶ್ವರಿ ಫೋನು ಇಟ್ಟಳು. ಒಳಗೆ ಸಭೆಯಲ್ಲಿ ಯಾರೋ ಅಧ್ಯಕ್ಷರಿಗೆ ಧನ್ಯವಾದ ಹೇಳುತ್ತಿದ್ದರು. ಚಪ್ಪಾಳೆ ಕೇಳಿಸಿತು. ಒಳಗೆ ಹೋಗಿ ಆ ಮೇಜು ಮಗುಚಿ ಹಾಕಬೇಕೆನ್ನಿಸಿತು ಅವಳಿಗೆ. ಹೋಗಲಿಲ್ಲ. ಮೇಜು ಮಗುಚಿದರೆ ನೋಡಿ, ಪಾಲಕರು ಹೀಗೇ, ಎಂದು ಪಾಂಡಪ್ಪನವರು ಹೇಳುತ್ತಾರೆಂಬುದು ಅವಳಿಗೆ ಗೊತ್ತಿತ್ತು.

ಬುಧವಾರ ಶೆಡ್ಡಿನ ಮಾಲಕನಿಗೆ ಹೇಳಿ, ತನ್ನ ಮಗ್ಗವನ್ನು ಪಕ್ಕದವಳಿಗೆ ಒಪ್ಪಿಸಿ ನಾಲ್ಕು ಗಂಟೆಗೆ ಶಾಲೆಗೆ ಹೋದಳು. ನಲವತ್ತೊಂದು ಮಂದಿಯಲ್ಲಿ ಬಂದವಳು ಅವಳೊಬ್ಬಳೇ. ಮಕ್ಕಳು ವರಾಂಡದ ಅಂಚಿಗೆ ಬಂದು ನಿಂತರು. ಹತ್ತೇ ದಿನದಲ್ಲಿ ಅಭ್ಯಾಸ ಎಷ್ಟು ಬೇಗ ಆಗುತ್ತದೆಂದರೆ, ಇಳಿಯಿರಿ ಅಂದರೂ ಒಂದೂ ಕಾಲು ಮೆಟ್ಟಿಲ ಕೆಳಗೆ ಬರಲಿಲ್ಲ. ಹೆಡ್ ಮಾಸ್ತರ ಕೋಣೆಯ ಕಡೆ ನೋಡುತ್ತಿದ್ದರು.

"ಏನ್ ನೋಡಾಕತ್ತೀರಿ ಲೇ? ಓಡ್ರಿ!" ಎಂದು ದಾನೇಶ್ವರಿ ಕೂಗಿದಳು. ಅವಳ ದನಿಯಲ್ಲಿದ್ದ ಸಿಟ್ಟಿಗೆ ಹೆದರಿಯೇ ಮೊದಲ ನಾಲ್ಕೈದು ಮಕ್ಕಳು ಓಡತೊಡಗಿದವು. ಅವುಗಳನ್ನು ನೋಡಿ ಉಳಿದವೂ ಇಳಿದವು.