ಕಾಳವ್ವನ ಪಕ್ಕದ ಸೀಟು

ನಾನೊಂದು ಟವಲು. ಬನಹಟ್ಟಿಯ ಮಗ್ಗದಲ್ಲಿ ಹುಟ್ಟಿದೆ. ಬಿಳಿ ಮೈ, ಕೆಂಪು ಅಂಚು. ಹಿರೇಹೊಂಡದ ಬಡಗಿ ಮೌನೇಶ ನನ್ನನ್ನು ಸಂತೆಯಲ್ಲಿ ಕೊಂಡ. ಬೆವರು ಒರೆಸುವುದು, ಬುತ್ತಿ ಕಟ್ಟುವುದು ಎಲ್ಲ ಮಾಡಿದ್ದೇನೆ. ಆದರೆ ನನ್ನ ನಿಜವಾದ ಗತ್ತು ಇದ್ದದ್ದು ಬಸ್ಸಿನಲ್ಲಿ. ಕಿಟಕಿಯಿಂದ ನನ್ನನ್ನು ಸೀಟಿನ ಮೇಲೆ ಒಗೆದರೆ ಸಾಕು, ಎಂಥ ಪೈಲ್ವಾನನೂ "ಟವಲ್ ಹಾಕ್ಯಾರ" ಎಂದು ಮುಂದೆ ಹೋಗುತ್ತಿದ್ದ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿರುವುದೇ ನನ್ನ ಕೆಲಸ. ಅದರಲ್ಲಿ ನನಗೆ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ಒಮ್ಮೆ ಮೌನೇಶ ತನ್ನ ತಾಯಿ ಕಾಳವ್ವನಿಗೆ ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಿದ. ಮರಳುವಾಗ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ವಿಜಯಪುರದ ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ತನ್ನ ಸೀಟಿಗೆ ನನ್ನನ್ನು ಹಾಸಿದ. ಅವರು ನವಲಗುಂದದಲ್ಲಿ ಇಳಿದು ಊರ ಬಸ್ಸು ಹಿಡಿಯಬೇಕಿತ್ತು. "ಯವ್ವಾ, ಯಾರ ಕೂಡಾನೂ ಮಾತಾಡಬ್ಯಾಡ. ಕಳ್ಳರ ಕಾಟ ಭಾಳ ಐತಿ" ಎಂದು ಹೇಳಿ, ಮರೆತುಬಂದಿದ್ದ ಕಣ್ಣಿನ ಔಷಧ ತರಲು ಓಡಿದ.

ಜನ ನುಗ್ಗಿ ನುಗ್ಗಿ ಬಂದರು, ಮೌನೇಶ ಮಾತ್ರ ಬರಲಿಲ್ಲ. ಬಸ್ಸು ಹೊರಟೇಬಿಟ್ಟಿತು. ಅಯ್ಯೋ, ನನಗೆ ಬಾಯಿ ಒಂದಿದ್ದರೆ ಕೂಗಿ ಬಸ್ಸು ನಿಲ್ಲಿಸುತ್ತಿದ್ದೆ. ಮಗ ಗದ್ದಲದಲ್ಲಿ ಹಿಂದೆಲ್ಲೋ ನಿಂತಿದ್ದಾನೆ ಎಂದೇ ಕಾಳವ್ವ ತಿಳಿದಿದ್ದಳು. ಟಿಕೀಟು ಕೇಳಿದ ಕಂಡಕ್ಟರನಿಗೂ "ಹಿಂದ ಅದಾನ" ಅಂದಳು. ಹೀಗೇ ಹೋದರೆ ನವಲಗುಂದ ದಾಟಿ, ಕಣ್ಣು ಕಾಣದ ಮುದುಕಿ ವಿಜಯಪುರದಲ್ಲಿ ಒಬ್ಬಳೇ ಇಳಿಯಬೇಕಾಗುತ್ತಿತ್ತು. ಸೀಟು ಕೇಳಿದವರಿಗೆಲ್ಲ ಅವಳು ನನ್ನ ಮೇಲೆ ಕೈಯಿಟ್ಟು ತೋರಿಸುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ದಾರಿಯ ಸ್ಟಾಪೊಂದರಲ್ಲಿ ಬಳೆಗಾರ್ತಿ ಹುಸೇನಬಿ ಹತ್ತಿದಳು. ಬಳೆಯ ಗಂಟನ್ನು ಕಾಲಬಳಿ ಇಟ್ಟು, "ಉಶ್ಶಪ್ಪಾ" ಎಂದು ನನ್ನ ಮೇಲೆಯೇ ಕುಳಿತುಬಿಟ್ಟಳು. ಎಲಾ ಇವಳ, ಎಂದು ನನ್ನ ಮೈಯೆಲ್ಲ ಉರಿಯಿತು.

"ಏಳ, ನನ್ನ ಮಗ ಬರ್ತಾನ" ಎಂದಳು ಕಾಳವ್ವ.

"ಬಂದ್ರ ಎದ್ದು ಕೊಡ್ತೀನಿ, ತಗೋ. ಯಾವೂರಬೇ ಯಜ್ಜಿ?"

ಕಾಳವ್ವ ಕಿಟಕಿಯತ್ತ ತಿರುಗಿದಳು. ಹುಸೇನಬಿ ಬೇಸರಿಸಲಿಲ್ಲ. ಅವಳ ಕಣ್ಣು ಆ ಪಟ್ಟಿಯ ಮೇಲೆ ಬಿತ್ತು. "ನಮ್ಮವ್ವನ ಕಣ್ಣೂ ಹಿಂಗ ಮಾಡಿಸಿದ್ವಿ. ಧೂಳು ತಾಗಬಾರದು" ಎನ್ನುತ್ತ ಕೈ ಚಾಚಿ ಕಿಟಕಿಯ ಗಾಜು ಎಳೆದಳು. ಕಾಳವ್ವ ಅವಳತ್ತ ಮುಖ ಮಾಡಿದಳು. ಆಮೇಲೆ ಮೆಲ್ಲಗೆ, "ತಂಗಿ, ನನ್ನ ಮಗ ಹಿಂದ ನಿಂತಾನೇನು ನೋಡವ್ವ. ಮೌನೇಶ ಅಂತ" ಎಂದಳು.

ಹುಸೇನಬಿ ಎದ್ದು ನಿಂತು ಕೂಗಿದಳು. ಯಾರೂ ಓಗೊಡಲಿಲ್ಲ. ಕಾಳವ್ವ ತಡಕಾಡಿ ಅವಳ ಸೆರಗು ಹಿಡಿದುಕೊಂಡಳು. ಮಗನ ನಂಬರು ಅವಳಿಗೆ ಬಾರದು.

"ಅಂಜಬ್ಯಾಡ. ಯಾವೂರು, ಯಾರ ಪೈಕಿ, ಅಷ್ಟು ಹೇಳು."

"ಹಿರೇಹೊಂಡ. ಬಡಿಗೇರ ಮನಿ."

ನಮ್ಮ ಕಡೆ ಊರಿನ ಹೆಸರು ಬಾಯಿಂದ ಬಿದ್ದರೆ ಸಾಕು, ಯಾವುದೋ ಕಿವಿ ನೆಟ್ಟಗಾಗುತ್ತದೆ. ಮುಂದಿನ ಸೀಟಿನವನು ತಿರುಗಿದ. "ಹಿರೇಹೊಂಡಕ್ಕ ನಮ್ಮಕ್ಕನ್ನ ಕೊಟ್ಟೇವ್ರೀ. ತಡೀರಿ" ಎಂದು ಅಕ್ಕನಿಗೆ ಫೋನು ಹಚ್ಚಿದ. ಅಕ್ಕ ಬಡಿಗೇರರ ಓಣಿಗೆ ಓಡಿ ಮೌನೇಶನ ನಂಬರು ತಂದಳು. ಅವನಿಗೆ ಹಚ್ಚಿದರೆ, ಅವನು ಬಸ್ ಸ್ಟ್ಯಾಂಡಿನಲ್ಲಿ ಕಂಡ ಕಂಡ ಬಸ್ಸು ಹತ್ತಿ ಇಳಿಯುತ್ತಿದ್ದ. "ನವಲಗುಂದದಾಗ ಇಳಸ್ರೀ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅತ್ತ. ಬಸ್ಸಿನಲ್ಲಿ ಎಲ್ಲರೂ ಉಸಿರು ಬಿಟ್ಟರು, ನಾನೂ.

ಹುಸೇನಬಿ ನರಗುಂದದ ಸಂತೆಗೆ ಹೊರಟವಳು. ಆದರೂ ಗಂಟು ಹೊತ್ತು, ನನ್ನನ್ನೂ ಎತ್ತಿಕೊಂಡು, ಮುದುಕಿಯ ಕೈ ಹಿಡಿದು ನವಲಗುಂದದಲ್ಲೇ ಇಳಿದಳು. ಸಂತೆ ಮುಂದಿನ ವಾರವೂ ಇರುತ್ತದೆ ಅಂದಳು.

ಮುಂದಿನ ಬಸ್ಸಿಗೆ ಮೌನೇಶ ಬಂದ. ಮಗನ ದನಿ ಕೇಳಿದ್ದೇ ಕಾಳವ್ವ ಗದರಿದಳು: "ಎಲ್ಲಿ ಹಾಳಾಗಿ ಹೋಗಿದ್ಯೋ? ನಿನ್ನ ಸೀಟು ಹಿಡದು ಹಿಡದು ಕೈ ಸೋತು." ಅವನು ತಾಯಿಯನ್ನು ಅಪ್ಪಿಕೊಂಡು ಎಲ್ಲರೆದುರೇ ಅತ್ತ. ಹುಸೇನಬಿಯನ್ನು ಬರಿಗೈಯಲ್ಲಿ ಕಳಿಸಲು ಕಾಳವ್ವನಿಗೆ ಮನಸ್ಸಾಗಲಿಲ್ಲ. ಉಡಿ ತುಂಬಲು ಅಲ್ಲಿ ಕುಬಸದ ಖಣ ಎಲ್ಲಿಂದ ಬರಬೇಕು? ನನ್ನನ್ನೇ ಅವಳ ಹೆಗಲಿಗೆ ಹಾಕಿದಳು. "ಮನಿ ಮುಟ್ಟಿದ ಕೂಡಲೆ ಫೋನ್ ಮಾಡ್ಸಬೇ" ಎಂದು ಹುಸೇನಬಿ ನಂಬರು ಕೊಟ್ಟಳು.

ಆಮೇಲೆ ಬಹಳ ವರ್ಷ ಅವಳ ಬಳೆ ಒಡೆಯದಂತೆ ಸುತ್ತಿಕೊಂಡು ಊರೂರು ತಿರುಗಿದೆ. ಈಗ ಹರಿದು, ಒಲೆಯ ಪಕ್ಕದಲ್ಲಿ ಮಸಿ ಅರಿವೆಯಾಗಿ ಬಿದ್ದಿದ್ದೇನೆ. ನಾನು ಹಿಡಿದ ಸೀಟುಗಳಿಗೆ ಲೆಕ್ಕವಿಲ್ಲ, ಒಂದೂ ನೆನಪಿಲ್ಲ. ನೆನಪಿರುವುದು ನನ್ನನ್ನು ಲೆಕ್ಕಿಸದೆ ಒಬ್ಬಳು ಬಂದು ಕುಳಿತ ಆ ಒಂದು ಸೀಟು, ಮತ್ತೆ ಆ ಸಂಜೆ.

ಅಂದು ಹುಸೇನಬಿ ಒಲೆ ಹಚ್ಚಿರಲಿಲ್ಲ, ಫೋನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕಡೆಗೂ ಅದು ರಿಂಗಣಿಸಿತು. "ಮುಟ್ಟಿದೆವ್ವಾ ತಂಗಿ, ಉಂಡೆ" ಎಂದಳು ಕಾಳವ್ವ. ಹುಸೇನಬಿ ನನ್ನನ್ನೇ ಎಳೆದುಕೊಂಡು ಕಣ್ಣೊರೆಸಿಕೊಂಡಳು. ಆ ದಿನ ಬೆಳಿಗ್ಗೆ ಆ ಮುದುಕಿ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲ.